ಮಗುವಿನ ಆಪರೇಷನ್‌ಗೆ ಜನರಿಂದ ಹಣ ಸೇರಿಸಿದವರು ಇದ್ದೀರಾ?

ತಂಗಿಯ ಮಗಳಿಗೆ 2 ವರ್ಷ. ಹೃದಯದಲ್ಲಿ ರಂಧ್ರ ಇದೆ. ತಾನಾಗಿ ಮುಚ್ಚುವಷ್ಟು ಚಿಕ್ಕದಲ್ಲ, ಆಪರೇಷನ್ ಆಗಲೇಬೇಕು ಅಂದಿದ್ದಾರೆ ಡಾಕ್ಟರು. ಆನ್‌ಲೈನ್‌ನಲ್ಲಿ ಹಣ ಸೇರಿಸೋಣ ಅಂತಿದ್ದೇವೆ. ಅನುಭವ ಇದ್ದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ? ನಿಮ್ಮ ಅಕ್ಕ ಕೇಳ್ತಿದ್ದಾಳೆ ಅಂದುಕೊಳ್ಳಿ.

*

ಅಕ್ಕ, ನನ್ನ ಮಗನಿಗೂ ಇದೇ ಆಗಿತ್ತು. ಈಗ ಚೆನ್ನಾಗಿ ಓಡಾಡಿಕೊಂಡಿದ್ದಾನೆ. 100 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ನೀವು ಒಬ್ಬರೇ ಅಲ್ಲ.

ಮೊದಲು ಆಸ್ಪತ್ರೆಯಿಂದ ಎಸ್ಟಿಮೇಟ್ ಬರೆಸಿಕೊಳ್ಳಿ. ಲೆಟರ್‌ಹೆಡ್, ಸಹಿ, ಸೀಲು ಇರಲಿ. ನಾವು ಆಪರೇಷನ್ ಖರ್ಚು ಮಾತ್ರ ಹಾಕಿದ್ದೆವು. ಐಸಿಯು, ಔಷಧಿ, ಆಮೇಲಿನ ಎಕೋ (ಹೃದಯದ ಸ್ಕ್ಯಾನ್) ಎಲ್ಲ ಬಿಟ್ಟುಹೋಗಿತ್ತು. ಮಧ್ಯದಲ್ಲಿ ಮೊತ್ತ ಏರಿಸಿದಾಗ ಒಬ್ಬರು "ಯಾಕೆ ಜಾಸ್ತಿ ಆಯ್ತು?" ಅಂತ ಕೇಳಿದರು. ಕೊಟ್ಟವರು ಕೇಳಬೇಕಾದದ್ದೇ ಅಲ್ವಾ? ಹೊಸ ಎಸ್ಟಿಮೇಟ್ ಹಾಕಿದೆವು. ಅವರೇ ಇನ್ನೊಮ್ಮೆ ಕೊಟ್ಟರು.

ಹಣ ಸೇರಿಸುವ ಪುಟ ಮಾಡಿ, ಲಿಂಕ್ ಹಾಕಿ ಸುಮ್ನೆ ಕೂತರೆ ಆಗುವುದಿಲ್ಲ. ಮೊದಲೆರಡು ದಿನ ನಮಗೆ ಬಂದಿದ್ದೆಲ್ಲ ಗೊತ್ತಿದ್ದವರಿಂದಲೇ. ಗ್ರೂಪಿಗೆ ಹಾಕಿದ ಮೆಸೇಜಿಗಿಂತ ಒಬ್ಬೊಬ್ಬರಿಗೂ ಫೋನ್ ಮಾಡಿದ್ದು ಕೆಲಸಕ್ಕೆ ಬಂತು. ಮೊದಲ ಸಲ ಫೋನ್ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ, ಕೇಳಲು ಬಾಯೇ ಬರಲಿಲ್ಲ. ಪಕ್ಕದಲ್ಲಿ ಮಗ ಹಾಲು ಕುಡಿಯುತ್ತಿದ್ದ. ನಾಲ್ಕು ಗುಟುಕಿಗೊಮ್ಮೆ ನಿಲ್ಲಿಸಿ ಏದುಸಿರು ಬಿಡುತ್ತಿದ್ದ, ಹಣೆಯೆಲ್ಲ ಬೆವರು. ಅದನ್ನು ನೋಡಿ ನಂಬರ್ ಒತ್ತಿದೆ. ಪುಟದಲ್ಲೂ ಅದನ್ನೇ ಬರೆದೆ.

*

ಹಣದ ವಿಷಯ ನಾನು ಹೇಳುತ್ತೇನೆ. ಆಗುವುದಾದರೆ ದುಡ್ಡು ನೇರ ಆಸ್ಪತ್ರೆ ಖಾತೆಗೇ ಹೋಗಲಿ. ಕೊಡುವವರಿಗೂ ನಂಬಿಕೆ. ನಾವು ಸ್ವಂತ ಖಾತೆಗೆ ತರಿಸಿದೆವು. ಸೈಟಿನವರು ಕಾಗದಪತ್ರ ನೋಡುವುದರಲ್ಲೇ ದಿನ ಹೋಯಿತು. ಅಡ್ಮಿಟ್ ಆಗುವ ಹಿಂದಿನ ದಿನವೂ ಹಣ ಕೈಗೆ ಬಂದಿರಲಿಲ್ಲ, ಭಾವನ ಹತ್ತಿರ ಸಾಲ ಮಾಡಿ ಕಟ್ಟಿದೆ. ಇನ್ನೊಂದು, ಕಮಿಷನ್ ಇಲ್ಲ ಅನ್ನುವ ಸೈಟಿನವರೂ ಪಾವತಿ ಶುಲ್ಕ ಕಳೆದುಕೊಂಡು ಕೊಡುವುದುಂಟು. ಮೊದಲೇ ಕೇಳಿ.

ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇದ್ದರೆ ಇವತ್ತೇ ಹೋಗಿ ಮಾತಾಡಿ. ಮಕ್ಕಳ ಆಪರೇಷನ್‌ಗೆ ಸಹಾಯ ಮಾಡುವ ಟ್ರಸ್ಟ್‌ಗಳು ಅವರಿಗೆ ಗೊತ್ತಿರುತ್ತವೆ. ನಮಗೆ ಅದು ತಡವಾಗಿ ತಿಳಿಯಿತು.

*

ರಿಪೋರ್ಟ್ ಹಾಕುವಾಗ ವಿಳಾಸ, ಫೋನ್, ಆಸ್ಪತ್ರೆ ಕೊಟ್ಟ ರೋಗಿ ನಂಬರ್ ಮುಚ್ಚಿಬಿಡಿ ಅಕ್ಕ. ನಮ್ಮ ಮಗುವಿನ ಫೋಟೋ ಕದ್ದು ಯಾರೋ ಬೇರೆ ಪುಟ ಮಾಡಿದ್ದರು. ಟ್ಯೂಬ್ ಹಾಕಿದ ಫೋಟೋ ಹಾಕಲೇಬೇಕು ಅಂತೇನಿಲ್ಲ, ನಾವು ನಗುತ್ತಿರುವುದನ್ನೇ ಹಾಕಿದೆವು. ನಾಳೆ ದೊಡ್ಡವಳಾಗಿ ಅವಳೂ ನೋಡುತ್ತಾಳೆ.

ಆಪರೇಷನ್ ತಾರೀಖು ಗೊತ್ತಾದ ಕೂಡಲೇ ಇಲ್ಲಿ ತಿಳಿಸಿ.