ಸೆನೆಕಾ ಸರೋವರದ ಸ್ಯಾಂಪ್ಸನ್ ಪಾರ್ಕ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಊರಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪ ವಾಯುಪಡೆಯಲ್ಲಿದ್ದವರು, ಜಾಲಹಳ್ಳಿಯಲ್ಲಿ ತರಬೇತಿ ಪಡೆದವರು. ನಯಾಗರಾ ದಾರಿಯಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಉಳಿಯುತ್ತೇವೆ. ಸ್ಯಾಂಪ್ಸನ್ ಸ್ಟೇಟ್ ಪಾರ್ಕ್ ಹಿಂದೆ ಸೇನೆಯ ಜಾಗವಾಗಿತ್ತಂತೆ. ಹೋಗಿ ಬಂದವರು ಹೇಳಿ. ಅಪ್ಪನಿಗೆ ಮಂಡಿನೋವು.

ಉತ್ತರ 1: ಖಂಡಿತ ಕರೆದುಕೊಂಡು ಹೋಗಿ. ವಾಟ್ಕಿನ್ಸ್ ಗ್ಲೆನ್ ಕಣಿವೆಯಲ್ಲಿ 800ಕ್ಕೂ ಜಾಸ್ತಿ ಮೆಟ್ಟಿಲಿವೆ, ಮಂಡಿನೋವಿನವರಿಗೆ ಕಷ್ಟ. ಸ್ಯಾಂಪ್ಸನ್‌ನಲ್ಲಿ ಬಹಳಷ್ಟನ್ನು ಕಾರಿನಲ್ಲೇ ನೋಡಬಹುದು.

ಮೊದಲೇ ಒಂದು ಮಾತು ಹೇಳಿಬಿಡಿ: ದೊಡ್ಡ ಕೋಟೆ, ಸಾಲು ಬ್ಯಾರಕ್ ಏನೂ ಇಲ್ಲ. 1942ರಲ್ಲಿ ನೌಕಾಪಡೆ ಇಲ್ಲಿ ತರಬೇತಿ ಕೇಂದ್ರ ಕಟ್ಟಿತು. ಸಮುದ್ರ ಎಲ್ಲಿ, ಈ ಹೊಲಗದ್ದೆಗಳ ನಡುವಿನ ಸರೋವರ ಎಲ್ಲಿ! ಆದರೂ 4 ಲಕ್ಷಕ್ಕೂ ಹೆಚ್ಚು ಹುಡುಗರು ಇಲ್ಲೇ ನಾವಿಕರಾದರು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಕಾಲೇಜು ನಡೆಯಿತು. ಆಮೇಲೆ 1956ರವರೆಗೆ ವಾಯುಪಡೆಯ ತರಬೇತಿ. ನಿಮ್ಮ ತಂದೆಯವರಿಗೆ ಇದು ಹಿಡಿಸುತ್ತದೆ. ಈಗ ಉಳಿದಿರುವುದು ಹಳೆಯ ರಸ್ತೆಗಳು, ಹುಲ್ಲು ಮುಚ್ಚಿದ ಬಯಲು, ಕೆಲವೇ ಕಟ್ಟಡ.

ತಪ್ಪಿಸಬಾರದ್ದು ಮ್ಯೂಸಿಯಂ. ಶಿಸ್ತು ತಪ್ಪಿದವರನ್ನು ಕೂಡಿಹಾಕುತ್ತಿದ್ದ ಕಟ್ಟಡದಲ್ಲೇ ಅದಿದೆ. ನಮ್ಮ ಮಾವ ಭೂಸೇನೆಯಲ್ಲಿದ್ದವರು, ಮನೆಯಲ್ಲಿ ಆ ದಿನಗಳ ಮಾತೇ ಎತ್ತುತ್ತಿರಲಿಲ್ಲ. ಆ ಕೋಣೆಯ ಮುಂದೆ ನಿಂತು, "ಇದು ನಮ್ಮ ಕ್ವಾರ್ಟರ್ ಗಾರ್ಡ್ ಥರಾನೇ ಇದೆಯಲ್ಲೋ" ಅಂದರು (ಸೇನಾ ಘಟಕದ ಕಾವಲು ಕೊಠಡಿ, ತಪ್ಪು ಮಾಡಿದವರನ್ನು ಇಡುವುದೂ ಅಲ್ಲೇ). ಆಮೇಲೆ ದಡದ ಬೆಂಚಿನ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಕೇಳದ ಕಥೆಗಳು. ದಯವಿಟ್ಟು ಅವಸರ ಮಾಡಬೇಡಿ, ಅರ್ಧ ದಿನ ಇಟ್ಟುಕೊಳ್ಳಿ. ಮ್ಯೂಸಿಯಂ ವರ್ಷವಿಡೀ ತೆರೆದಿರುವುದಿಲ್ಲ, ಹೊರಡುವ ಮುನ್ನ ವೇಳೆ ವಿಚಾರಿಸಿ.

ಉತ್ತರ 2: ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಅಮ್ಮನಿಗೊಂದು ಸ್ವೆಟರ್ ಇರಲಿ, ದಡದಲ್ಲಿ ಗಾಳಿ ಜೋರು. ಸರೋವರ ಸುಮಾರು 188 ಮೀಟರ್ ಆಳ, ಹಾಗಾಗಿ ಬೇಸಿಗೆಯ ಶುರುವಿನಲ್ಲೂ ನೀರು ಕೊರೆಯುತ್ತದೆ. ಮಕ್ಕಳಿದ್ದರೆ ಗಮನವಿರಲಿ.

ಉತ್ತರ 3: 96ಎ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ. ಪಾರ್ಕ್‌ನ ಆಚೆ ಬದಿಗೆ ಸೇನೆಯ ಹಳೆಯ ಮದ್ದುಗುಂಡಿನ ಡಿಪೋ ಇದೆ. 1941ರಲ್ಲಿ ಸುತ್ತ ಬೇಲಿ ಹಾಕಿದಾಗ ಒಳಗೆ ಸಿಕ್ಕಿಕೊಂಡ ಜಿಂಕೆಗಳ ಸಂತತಿಯಲ್ಲಿ ಬಿಳಿ ಜಿಂಕೆಗಳು ಹೆಚ್ಚಾದವು. ಕಣ್ಣು ಮಾತ್ರ ಕಂದು. ನಮಗೆ ಸಂಜೆ ಹೊತ್ತು ಬೇಲಿಯಾಚೆ ಎರಡು ಕಂಡವು, ಅಮ್ಮ ಕೈಮುಗಿದೇಬಿಟ್ಟರು.