ಹೆಸರಿಲ್ಲದ ಹಳೇ ಫೋಟೊಗಳು: ಯಾರು, ಎಲ್ಲಿ, ಯಾವಾಗ ಅಂತ ಪತ್ತೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಎರಡು ಆಲ್ಬಮ್ ಸಿಕ್ಕಿವೆ. ಒಂದು ಕಪ್ಪು ಹಾಳೆಯದು, ನಡುವೆ ಜೇಡರ ಬಲೆಯ ಚಿತ್ತಾರದ ತೆಳು ಕಾಗದ ಇರುತ್ತಲ್ಲ, ಅಂಥದ್ದು. ಇನ್ನೊಂದು ಅಂಟು ಹಾಳೆಯ ಆಲ್ಬಮ್. ಒಟ್ಟು ನೂರಾ ನಲವತ್ತು ಫೋಟೊ. ಅಮ್ಮನಿಗೆ ಮೂವತ್ತು ಜನರ ಗುರುತು ಸಿಕ್ಕಿತು, ಅಷ್ಟೇ. ಅಜ್ಜಿಯ ತವರು ಸಾಗರ ತಾಲ್ಲೂಕಿನ ಶರಾವತಿ ದಂಡೆ. ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿತು. ಹೋಗಿ ವಿಚಾರಿಸೋಣ ಅಂದರೆ ಊರೇ ಇಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ ಎಲ್ಲಿಂದ ಶುರು ಮಾಡಬೇಕು ಹೇಳಿ.

ಶಿವಮೊಗ್ಗದಿಂದ:

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮದೂ ಮುಳುಗಡೆ ಊರೇ. 1964ರಲ್ಲಿ ಲಿಂಗನಮಕ್ಕಿ ಕೆಲಸ ಮುಗಿಯುವ ಹೊತ್ತಿಗೆ ನಮ್ಮವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಶಿವಮೊಗ್ಗದ ಕಡೆ ಬಂದಿದ್ದರು. ನಾನು ಹುಟ್ಟಿದ್ದು ಆಮೇಲೆ. ಊರನ್ನು ನೋಡಿದ್ದು ಫೋಟೊದಲ್ಲಿ ಮಾತ್ರ.

ಮೊದಲನೇ ಮಾತು, ಫೋಟೊಗಳನ್ನು ಆಲ್ಬಮ್‌ನಿಂದ ಬಿಚ್ಚಬೇಡಿ. ಮೊದಲು ಒಂದೊಂದೇ ಹಾಳೆಯನ್ನು ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಖಾಲಿ ಜಾಗ, ಹಳೇ ಅಂಟಿನ ಕಲೆ ಇದ್ದರೂ ಬಿಡಬೇಡಿ. ಯಾವ ಫೋಟೊ ಯಾವುದರ ಪಕ್ಕ ಇತ್ತು ಅನ್ನೋದರಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ. ನಾನು ಉತ್ಸಾಹದಲ್ಲಿ ಎಲ್ಲ ಬಿಚ್ಚಿ, ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ, ಮಕ್ಕಳದ್ದು ಒಂದು ಕಡೆ ಅಂತ ಜೋಡಿಸಿಬಿಟ್ಟಿದ್ದೆ, ಆಮೇಲೆ ಅತ್ತೆ ಬಂದು "ಈ ಹಾಳೆ ಪೂರ್ತಿ ಒಂದೇ ಮದುವೇದು ಇತ್ತಲ್ಲೋ, ಯಾಕೆ ತೆಗೆದೆ" ಅಂದರು. ಅದು ಯಾರ ಮದುವೆ ಅಂತ ಜೋಡಿಸಿ ಹೇಳಲು ಅವರಿಗೂ ಆಗಲಿಲ್ಲ. ಆ ಹಾಳೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಎರಡನೆಯದು, ಮುಖ ಕೊನೆಗೆ ನೋಡಿ. ಮೊದಲು ಸುತ್ತಮುತ್ತ ಏನಿದೆ ನೋಡಿ.

ನಮ್ಮಲ್ಲಿ ಒಂದು ಗುಂಪು ಫೋಟೊ ಇದೆ. ಜಗುಲಿಯ ಮುಂದೆ ಹನ್ನೊಂದು ಜನ. ಅದು ನಮ್ಮ ಮನೆ ಅಲ್ಲವೇ ಅಲ್ಲ ಅಂತ ಅಪ್ಪ ಖಡಾಖಂಡಿತ ಹೇಳಿದ್ದರು, ಯಾಕೆಂದರೆ ನಮ್ಮ ಮನೆ ಮೆಟ್ಟಿಲು ಎಡಕ್ಕಿತ್ತು, ಫೋಟೊದಲ್ಲಿ ಬಲಕ್ಕಿದೆ. ಒಂದು ವರ್ಷ ಹಾಗೇ ಬಿಟ್ಟೆ. ಒಂದು ರಾತ್ರಿ ಸ್ಕ್ಯಾನ್ ಮಾಡಿದ್ದನ್ನು ದೊಡ್ಡದು ಮಾಡಿ ನೋಡುವಾಗ, ಕುರ್ಚಿಯಲ್ಲಿ ಕೂತ ಹಿರಿಯರ ಜನಿವಾರ ಬಲ ಹೆಗಲ ಮೇಲೆ ಕಾಣಿಸಿತು. ಜನಿವಾರ ಬಲಕ್ಕೆ ಬರೋದು ಪಿತೃಕಾರ್ಯದಲ್ಲಿ ಅಲ್ವಾ? ಅಂಥ ಹೊತ್ತಲ್ಲಿ ಯಾರಾದರೂ ಕುರ್ಚಿ ಹಾಕಿ ಫೋಟೊ ತೆಗೆಸುತ್ತಾರಾ? ಹೆಂಗಸರ ಕಡೆ ನೋಡಿದರೆ ಎಲ್ಲರ ಸೆರಗೂ ಬಲ ಹೆಗಲಿಗೇ ಇದೆ. ಆಗ ಹೊಳೆಯಿತು. ನೆಗೆಟಿವನ್ನು ಮಗುಚಿಟ್ಟು ಪ್ರಿಂಟ್ ಹಾಕಿದ್ದಾರೆ.

ಮೊಬೈಲಿನಲ್ಲಿ ಎಡಬಲ ತಿರುಗಿಸಿದೆ. ಮೆಟ್ಟಿಲು ಎಡಕ್ಕೆ ಬಂತು. ಬೆಳಿಗ್ಗೆ ಅಪ್ಪನ ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಟ್ಟಿಲ ಪಕ್ಕದ ಮುಂಡಿಗೆಯ ಮೇಲೆ ಬೆರಳಿಟ್ಟು "ಇಲ್ಲಿ ಒಂದು ಗಿಳಿ ಇರಬೇಕು, ನೋಡು" ಅಂದರು. ಮುಂಡಿಗೆ ಅಂದರೆ ಮರದ ಕಂಬ, ಮಲೆನಾಡಿನ ಮನೆಗಳಲ್ಲಿ ಕೆತ್ತನೆ ಮಾಡಿರುತ್ತಾರೆ. ಇನ್ನೂ ದೊಡ್ಡದು ಮಾಡಿದರೆ ಗಿಳಿ ಇತ್ತು. ಕೊಕ್ಕು ಮುರಿದಿತ್ತು. ಊರು ಬಿಡುವಾಗ ನಮ್ಮವರು ಬಾಗಿಲು, ಮುಂಡಿಗೆ, ಹೆಂಚು ಎಲ್ಲ ಬಿಚ್ಚಿ ಹೇರಿಕೊಂಡು ಬಂದಿದ್ದರು, ಆ ಮುಂಡಿಗೆ ಈಗ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿದೆ, ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ಹೋಂವರ್ಕ್ ಬರೆಯುತ್ತಾರೆ. ಫೋಟೊ ತಗೊಂಡು ಹೋಗಿ ಪಕ್ಕದಲ್ಲಿ ಹಿಡಿದು ನೋಡಿದೆವು. ಅದೇ ಗಿಳಿ, ಅದೇ ಕೊಕ್ಕು. ಮನೆ ಯಾವುದು ಅಂತ ಗೊತ್ತಾದ ಮೇಲೆ ಹನ್ನೊಂದರಲ್ಲಿ ಎಂಟು ಜನರ ಹೆಸರು ಒಂದೇ ಸಂಜೆಯಲ್ಲಿ ಬಂದವು.

ಹಾಗಾಗಿ ಊರು ಇಲ್ಲ ಅಂತ ಕೈ ಬಿಡಬೇಡಿ. ಊರಿನವರು ಎಲ್ಲೆಲ್ಲಿ ಹೋಗಿ ನೆಲೆಸಿದರು ಅಂತ ಹುಡುಕಿ. ಬೇಸಿಗೆಯಲ್ಲಿ ನೀರು ತುಂಬ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ, ಮಡೆನೂರು ಡ್ಯಾಂ ಅಂತಲೂ ಕರೆಯುತ್ತಾರೆ, ಲಿಂಗನಮಕ್ಕಿಗಿಂತ ಹಳೆಯದು, ಅದರ ನೀರಿನಲ್ಲೇ ಮುಳುಗಿದೆ. ಹಳಬರು ಯಾರಾದರೂ ಬರುವ ಹಾಗಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ. ನಮ್ಮ ಅತ್ತೆ ಅಲ್ಲಿ ನಿಂತು ಯಾರ ಗದ್ದೆ ಎಲ್ಲಿತ್ತು, ಸಂತೆಗೆ ಯಾವ ದಾರಿ, ಎಲ್ಲ ಕೈ ತೋರಿಸಿ ಹೇಳಿದರು, ನಾನು ಪುಸ್ತಕದಲ್ಲಿ ಗೆರೆ ಎಳೆದುಕೊಂಡೆ.

ಫೋಟೊದ ಹಿಂದೆ ಎಲ್ಲಾದರೂ ವೀರಗಲ್ಲು, ಶಾಸನದ ಕಲ್ಲು ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಸಾಗರ ತಾಲ್ಲೂಕಿನ ಶಾಸನಗಳು ಊರಿನ ಹೆಸರಿನ ಸಮೇತ ಇವೆ. 1904ರ ಪುಸ್ತಕ, ಅಂದರೆ ಅಣೆಕಟ್ಟಿಗೆ ಅರವತ್ತು ವರ್ಷ ಮುಂಚಿನದು. ಆಲ್ಬಮ್ ಜೊತೆ ಟ್ರಂಕಿನಲ್ಲಿ ಹಳೇ ಕೈಬರಹದ ಕಾಗದ, ಓಲೆಗರಿ ಇದ್ದರೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕೇಳಿ, ಸಾಗರದ ಪಕ್ಕದಲ್ಲೇ ಇದೆ.

ಧಾರವಾಡದಿಂದ:

ಮೇಲಿನವರು ಹೇಳಿದ್ದು ಓದಿ ಮೈ ಜುಮ್ಮೆಂದಿತು. ನಾನು ಕಾಲದ ಬಗ್ಗೆ ಹೇಳುತ್ತೇನೆ. ಫೋಟೊದ ಬೆನ್ನು ನೋಡಿ. ಸ್ಟುಡಿಯೋ ಸೀಲಿನಲ್ಲಿ ಊರಿನ ಹೆಸರಿನ ಮುಂದೆ ಏನಿದೆ? ನಮ್ಮ ಧಾರವಾಡದ ಸೀಲಿನಲ್ಲಿ ಮುಂಬಯಿ ಪ್ರಾಂತ ಅಂತ ಇದ್ದರೆ ಅದು 1956ಕ್ಕೆ ಮುಂಚಿನದು. ನಿಮ್ಮ ಕಡೆ ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರಿಗೆ ಮುಂಚೆ ಮಾಡಿಸಿದ ಸೀಲು. ಹಳೇ ಸೀಲನ್ನೇ ವರ್ಷಗಟ್ಟಲೆ ಒತ್ತಿದವರೂ ಇರುತ್ತಾರೆ, ಅದು ನೆನಪಿರಲಿ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು ಅನ್ನೋದು ಮಾತ್ರ ಗಟ್ಟಿ, ಪಿನ್ ಕೋಡ್ ಶುರುವಾಗಿದ್ದೇ ಆಗ. ಕಾಗದದ ಹಿಂದೆ "ಇಂದು" (INDU) ಅನ್ನೋ ಬ್ರ್ಯಾಂಡ್ ಅಚ್ಚಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯದು, 1967ರಿಂದ ಈಚಿನದು. ಚೌಕಾಕಾರದ ಸಣ್ಣ ಪ್ರಿಂಟುಗಳಿದ್ದರೆ ಯಾರ ಮನೆಯಲ್ಲಿ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು ಅಂತ ಕೇಳಿ. ಒಂದು ರೋಲಿಗೆ ಹನ್ನೆರಡೇ ಫೋಟೊ, ಹಾಗಾಗಿ ಒಂದೇ ದಿನದ ನಾಲ್ಕೈದು ಸಿಕ್ಕರೆ ಆ ದಿನ ಮನೆಯಲ್ಲಿ ಏನೋ ವಿಶೇಷ ಇತ್ತು ಅಂತ.

ಕೋಟು, ಕೈಗಡಿಯಾರ, ಟೆಲಿಫೋನು ನೋಡಿ ಶ್ರೀಮಂತರು ಅಂತ ಬರೆದಿಡಬೇಡಿ. ಸ್ಟುಡಿಯೋದಲ್ಲೇ ಕೊಡುತ್ತಿದ್ದರು.

ಇನ್ನೊಂದು, ಇದು ನಮ್ಮ ಕಡೆಯ ಮಾತು. ಹೆಳವರು ಗೊತ್ತಲ್ಲ? ಎತ್ತಿನ ಜೊತೆ ಸುಗ್ಗಿ ಹೊತ್ತಿಗೆ ಊರಿಗೆ ಬಂದು ಮನೆತನದ ವಂಶಾವಳಿ ಹೇಳುವವರು. ನಮ್ಮ ಮನೆತನದ ಹೆಳವರು ಬಂದಾಗ ಕಟ್ಟೆಯ ಮೇಲೆ ಕೂರಿಸಿ ಆಲ್ಬಮ್ ತೋರಿಸಿದೆ. ಫೋಟೊ ಕಡೆ ಅವರು ಜಾಸ್ತಿ ನೋಡಲಿಲ್ಲ. ನಾನು ಮುತ್ತಜ್ಜನ ಮಕ್ಕಳ ಹೆಸರು ಹೇಳುತ್ತಾ ಹೋದೆ, ನಾಲ್ಕು ಗಂಡುಮಕ್ಕಳು ಅಂದೆ. ಅವರು ನಿಲ್ಲಿಸಿ "ಐದು" ಅಂದರು. ಎರಡನೆಯವನಾದ ಮೇಲೆ ಒಬ್ಬ ಇದ್ದ, ಸಣ್ಣವನಿದ್ದಾಗಲೇ ಹೋದ ಅಂತ ಹೆಸರು ಸಮೇತ ಹೇಳಿದರು. ನಮ್ಮ ಆಲ್ಬಮ್‌ನಲ್ಲಿ ಒಂದು ಮಗುವಿನ ಫೋಟೊ ಇದೆ, ಹೂವಿನ ಹಾರ ಹಾಕಿದ್ದಾರೆ, ಕಣ್ಣು ಮುಚ್ಚಿದೆ. ನಿದ್ದೆ ಮಾಡಿದೆ ಅಂದುಕೊಂಡಿದ್ದೆವು. ಆಗೆಲ್ಲ ಎಷ್ಟೋ ಸಲ ತೀರಿಕೊಂಡವರದ್ದು ಕೊನೆಗೆ ತೆಗೆಸಿದ ಅದೊಂದೇ ಫೋಟೊ ಇರುತ್ತಿತ್ತು. ನಿಮ್ಮಲ್ಲಿ ಅಂಥದ್ದು ಸಿಕ್ಕರೆ ಹೆದರಿ ತೆಗೆದಿಡಬೇಡಿ.

ಮಂಗಳೂರಿನಿಂದ:

ನಿಮಗೆ ನೇರ ಉಪಯೋಗ ಆಗದಿರಬಹುದು, ಕರಾವಳಿ ಮೂಲದವರು ಓದುತ್ತಿದ್ದರೆ ಅವರಿಗಾಗಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆಯ ಹಳೇ ಫೋಟೊಗಳ ದೊಡ್ಡ ಸಂಗ್ರಹ ಇದೆ, ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದು. ಮಂಗಳೂರು, ಉಡುಪಿ ಮಾತ್ರ ಅಲ್ಲ, ಧಾರವಾಡ, ಹುಬ್ಬಳ್ಳಿಯದ್ದೂ ಇವೆ. ನಮ್ಮ ಅಜ್ಜ ಆ ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿದ್ದರು. ಅವರ ಫೋಟೊ ಅಲ್ಲಿ ಸಿಗಲಿಲ್ಲ. ಆದರೆ ನಮ್ಮ ಫೋಟೊದಲ್ಲಿ ಅಜ್ಜ ನಿಂತಿರುವ ಅದೇ ಶೆಡ್ಡಿನ ಇನ್ನೊಂದು ಫೋಟೊ ಸಿಕ್ಕಿತು, ಅದರ ಕೆಳಗೆ ಜಾಗದ ಹೆಸರಿತ್ತು.

ತೀರ್ಥಹಳ್ಳಿಯಿಂದ:

ಅಂಟು ಹಾಳೆಯ ಆಲ್ಬಮ್ ಇದೆಯಲ್ಲ, ಅದರ ಕೆಲಸ ಬೇಗ ಮಾಡಿ. ಅಂಟು ಫೋಟೊವನ್ನು ಹಳದಿ ಮಾಡುತ್ತಾ ಹೋಗುತ್ತದೆ. ಎಳೆದು ಕೀಳಬೇಡಿ. ಹಲ್ಲು ತಿಕ್ಕುವ ಫ್ಲಾಸ್ ದಾರ ಫೋಟೊದ ಹಿಂದೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಡಿಸಿ. ಬರದಿದ್ದರೆ ಬಿಟ್ಟುಬಿಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿದರಾಯಿತು. ಸ್ಕ್ಯಾನಿನ ಸ್ಪಷ್ಟತೆ 600 ಡಿಪಿಐ ಇರಲಿ, ಬೆನ್ನನ್ನೂ ಸ್ಕ್ಯಾನ್ ಮಾಡಿ. ಹೆಸರು ಬರೆಯೋದು ಮೆತ್ತನೆ ಪೆನ್ಸಿಲಿನಲ್ಲಿ, ಹಿಂಬದಿಯ ಅಂಚಿನಲ್ಲಿ. ಬಾಲ್ ಪೆನ್ನು ಒತ್ತಿದರೆ ಮುಖದ ಮೇಲೆ ಅಚ್ಚು ಮೂಡುತ್ತದೆ.

ಮತ್ತೆ ದಯವಿಟ್ಟು ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಅಮ್ಮನ ಮದುವೆಯ ಒಂದೇ ಒಂದು ಫೋಟೊ ಇತ್ತು, ಕಾಪಿ ತೆಗೆಯಲು ಒಂದು ಅಂಗಡಿಗೆ ಕೊಟ್ಟಿದ್ದೆ, ಒಳ್ಳೇದಾಗಲಿ ಅಂತ ಅವರೇ ಬಿಸಿ ಪ್ಲಾಸ್ಟಿಕ್ ಹಾಕಿಬಿಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೇ ಬೂಷ್ಟು. ಈಗ ತೆಗೆಯಲೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹಾಳೆಗಳನ್ನು ಇದ್ದ ಹಾಗೇ ತೆಗೆದುಕೊಂಡೆ. ಅಜ್ಜಿಯ ಊರಿನವರೊಬ್ಬರು ಭದ್ರಾವತಿ ಹತ್ತಿರ ಇದ್ದಾರೆ ಅಂತ ಗೊತ್ತಾಗಿ ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ತೊಂಬತ್ತರ ಹತ್ತಿರದ ಅಜ್ಜಿ. ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಟ್ಯಾಬಿನಲ್ಲಿ ದೊಡ್ಡದು ಮಾಡಿ ಮಾಡಿ ತೋರಿಸಿದೆ. ಯಾರು ಅಂತ ಕೇಳಲಿಲ್ಲ. ಇಲ್ಲಿ ಏನೇನು ಕಾಣುತ್ತಿದೆ ಹೇಳಿ ಅಂದೆ.

ನಮ್ಮಜ್ಜಿಯ ಪಕ್ಕ ಒಬ್ಬ ಹುಡುಗಿ ನಿಂತಿರುವ ಫೋಟೊ ಒಂದಿದೆ. ಅಮ್ಮನಿಗೆ ಆಕೆ ಯಾರು ಅಂತ ಗೊತ್ತೇ ಇಲ್ಲ. ಭದ್ರಾವತಿಯ ಅಜ್ಜಿ ಮುಖ ನೋಡಲೇ ಇಲ್ಲ. ಸೀರೆಯ ಅಂಚಿನ ಹತ್ತಿರ ಬೆರಳು ತಂದು, "ಈ ಸೀರೆ ನಂದು" ಅಂದರು. ಚೌಕಳಿ ಸೀರೆ, ಅಂಚಿನ ಹತ್ತಿರ ಒಂದು ಕಡೆ ಹೊಲಿಗೆ ಹಾಕಿದ್ದು ಈಗಲೂ ಕಾಣುತ್ತದೆ, ಬೇಲಿಗೆ ಸಿಕ್ಕಿ ಹರಿದಿದ್ದಂತೆ. ಫೋಟೊದವನು ಊರಿಗೆ ಬಂದ ದಿನ ಪಕ್ಕದ ಮನೆ ಹುಡುಗಿಗೆ ಉಡಲು ಒಳ್ಳೇ ಸೀರೆ ಇರಲಿಲ್ಲ, ಇವರೇ ಬಿಚ್ಚಿ ಕೊಟ್ಟು, ಫೋಟೊ ಮುಗಿಯೋವರೆಗೆ ಹಳೇ ಸೀರೆ ಉಟ್ಟು ಒಳಗೆ ಕೂತಿದ್ದರಂತೆ. ಅದಕ್ಕೇ ಆ ಫೋಟೊದಲ್ಲಿ ಇವರಿಲ್ಲ. ಹುಡುಗಿಯ ಹೆಸರು, ಆಕೆಯನ್ನು ಕೊಟ್ಟ ಊರು, ಎಲ್ಲ ಹೇಳಿದರು. ಅಮ್ಮ ರೆಕಾರ್ಡ್ ಮಾಡಿಕೊಂಡರು. ಹೊರಡುವಾಗ ಆ ಅಜ್ಜಿ ನನ್ನ ಕೈ ಹಿಡಿದು, ಆ ಫೋಟೊದ ಒಂದು ಪ್ರಿಂಟ್ ತಂದುಕೊಡು ಅಂದರು. ನಿನ್ನೆ ಕಳಿಸಿದ್ದೇನೆ.