ಬಾಳೆ ನಾರಿನ ಹಲಗೆ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಕೈಯಲ್ಲೇ ಮುರಿಯುತ್ತೆ: ನಾರು ಹೇಗೆ ಜೋಡಿಸೋದು?

ಗೋಣಿಕೊಪ್ಪ_ಬಾಳೆ:
ಗೊನೆ ಕಡಿದ ಮೇಲೆ ಕಾಫಿ ತೋಟದಲ್ಲಿ ಬಿದ್ದಿರೋ ಬಾಳೆ ಪಟ್ಟೆಯಿಂದ ಬಿಡಿಸಿದ ನಾರು, ಜೊತೆಗೆ ಪಾಲಿಯೆಸ್ಟರ್ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗೋ ಅಂಟು ದ್ರವ). ಹಲಗೆ 300 × 300 ಮಿ.ಮೀ., ದಪ್ಪ 4 ಮಿ.ಮೀ. ಸಸಿ ಟ್ರೇಯ ತಳಕ್ಕೆ ಬೇಕು, ಎರಡು ರೀಪರ್ ಮೇಲೆ ಕೂರುತ್ತೆ. ನಾರಿನ ಉದ್ದಕ್ಕೆ ಕೊಯ್ದ ಪಟ್ಟಿ ಬಗ್ಗಿದರೂ ಮುರಿಯಲ್ಲ, ಅಡ್ಡಕ್ಕೆ ಕೊಯ್ದದ್ದು ಬಿಸ್ಕತ್ತಿನ ಹಾಗೆ ಪಟ್ ಅನ್ನುತ್ತೆ. ತುಂಡು ನಾರನ್ನು ಚೆಲ್ಲಾಪಿಲ್ಲಿ ಹರಡಿದರೆ ಎರಡೂ ಕಡೆ ಒಂದೇ ಥರ, ಆದರೆ ಎರಡೂ ಕಡೆ ಸುಮಾರು. ಒಂದು ಪದರ ಉದ್ದ, ಒಂದು ಪದರ ಅಡ್ಡ ಹಾಕಿದ್ದು ಹಪ್ಪಳದಂತೆ ಸೊಟ್ಟಗಾಗಿದೆ. ರೆಸಿನ್ ಬದಲಿಸಬೇಕಾ?

ನಾರು_ಮೇಷ್ಟ್ರು:
ರೆಸಿನ್‌ಗೆ ದುಡ್ಡು ಸುರಿಯಬೇಡಿ, ತಪ್ಪು ಜೋಡಣೆಯಲ್ಲಿದೆ. ಅಡ್ಡಕ್ಕೆ ಎಳೆದಾಗ ನಾರು ಕೆಲಸವನ್ನೇ ಮಾಡಲ್ಲ. ಭಾರ ಹೊರೋದು ರೆಸಿನ್, ಅದು ನಾರಿಗೆ ಅಂಟಿಕೊಂಡ ಜಾಗ ಇಷ್ಟೇ. ಬಿರುಕು ಆ ಅಂಟಿನ ಗೆರೆ ಹಿಡಿದೇ ಓಡುತ್ತೆ.

ಬಿಗಿತದ (ಬಗ್ಗದೆ, ಹಿಗ್ಗದೆ ನಿಲ್ಲೋ ಗುಣದ) ಲೆಕ್ಕ ಹೀಗೆ: ಅಷ್ಟೇ ನಾರನ್ನು ಒಂದೇ ದಿಕ್ಕಿಗೆ ಇಟ್ಟರೆ ಆ ದಿಕ್ಕಿನಲ್ಲಿ ಅದರ ಪಾಲು 1, ಉದ್ದ-ಅಡ್ಡ ಸಮ ಇಟ್ಟರೆ 1/2, ಹಲಗೆಯ ಮಟ್ಟದಲ್ಲಿ ಚೆಲ್ಲಾಪಿಲ್ಲಿ ಹರಡಿದರೆ 3/8. ನಿಮ್ಮ 'ಸುಮಾರು' ಅಂದರೆ ಈ 3/8.

ಜನ ಮರೆಯೋದು ಸಣ್ಣ ಓರೆಯನ್ನು. ನಾರು ಬರೀ 15 ಡಿಗ್ರಿ ಓರೆಯಾದರೂ, ಎಳೆತದ ಒತ್ತಡ 100 ಇದ್ದಲ್ಲಿ 25ರಷ್ಟು ನಾರಿನ ಉದ್ದಕ್ಕೆ ಜಾರಿಸುವ ಒತ್ತಡವಾಗುತ್ತೆ. ನಾರು ಹರಿಯೋಕೆ ಮೊದಲೇ ರೆಸಿನ್ ಸೀಳುತ್ತೆ. ಅದಕ್ಕೇ ನಾರನ್ನು ಒದ್ದೆ ಮಾಡಿ ಬಾಚಿ, ಚೌಕಟ್ಟಿನ ಎರಡೂ ಕಡೆಯ ಮೊಳೆಗೆ ಕಟ್ಟಿ, ಎಳೆದ ಸ್ಥಿತಿಯಲ್ಲೇ ಒಣಗಿಸಬೇಕು. ರೆಸಿನ್ ಹಚ್ಚೋ ರೋಲರ್ ನಾರಿನ ಉದ್ದಕ್ಕೇ ಓಡಬೇಕು. ಅಡ್ಡ ಓಡಿಸಿದರೆ ಬಾಚಿದ್ದೆಲ್ಲ ಕೆದರಿ ಹೋಯ್ತು ಅಂತಲೇ ಲೆಕ್ಕ.

ಮಡಿಕೇರಿ_ಮೋಲ್ಡ್:
ರೀಪರ್ ಮೇಲೆ ಕೂರೋದಾದ್ರೆ ಆರು ಪದರ ಸಾಕು: ಉದ್ದ, ಅಡ್ಡ, ಉದ್ದ, ಉದ್ದ, ಅಡ್ಡ, ಉದ್ದ. 'ಉದ್ದ' ಅಂದ್ರೆ ಒಂದು ರೀಪರ್‌ನಿಂದ ಇನ್ನೊಂದಕ್ಕೆ. ಹಲಗೆ ಬಾಗುವಾಗ ಹೊರಗಿನ ಎರಡು ಪದರಗಳದ್ದೇ ಶೇ. 70ಕ್ಕೂ ಹೆಚ್ಚು ಕೆಲಸ, ಹಾಗಾಗಿ ನಿಮ್ಮ ಚಂದದ ನಾರು ಅಲ್ಲಿರಲಿ. ಅಡ್ಡ ಪದರ ಇರೋದು ಸೀಳದಂತೆ ಹಿಡಿಯೋಕೆ.

ಸೊಟ್ಟಗಾಗಿದ್ದು ಯಾಕೆ? ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತೆ. ನಾರಿನ ಉದ್ದಕ್ಕೆ ನಾರು ಅದನ್ನ ತಡೆಯುತ್ತೆ, ಅಡ್ಡಕ್ಕೆ ತಡೆಯೋರಿಲ್ಲ. ಎರಡೇ ಪದರ ಇದ್ರೆ ಒಂದೊಂದು ಒಂದೊಂದು ಕಡೆ ಎಳೆಯುತ್ತೆ. ನಡುವಿನಿಂದ ಮೇಲಕ್ಕೂ ಕೆಳಕ್ಕೂ ಒಂದೇ ಕ್ರಮ ಇರಬೇಕು, ಕನ್ನಡಿ ಹಿಡಿದ ಹಾಗೆ.

ತೂಕ: ಹಲಗೆಯ ಗಾತ್ರ 360 ಘನ ಸೆಂ.ಮೀ. ಅದರಲ್ಲಿ ಶೇ. 30 ನಾರು ಅಂದ್ರೆ ಸುಮಾರು 145 ಗ್ರಾಂ, ಪದರಕ್ಕೆ 24. ರೆಸಿನ್ ಸುಮಾರು 300 ಗ್ರಾಂ, ಚೆಲ್ಲೋದಕ್ಕೆ ಇನ್ನೊಂದು 30. ಕೈಯಲ್ಲಿ ಹಚ್ಚುವಾಗ ನಾರು ಇದಕ್ಕಿಂತ ತುಂಬಿದರೆ ಒಳಗೆ ಒಣ ಜಾಗ ಉಳಿಯುತ್ತೆ. ಅಂಚಿಗೆ ಅಡ್ಡಪಟ್ಟಿ ಇಲ್ಲದೆ ಭಾರ ಹೇರಬೇಡಿ, ರೆಸಿನ್ ಹೊರಗೆ ಹರಿಯುವಾಗ ನಾರನ್ನೂ ಎಳೆದೊಯ್ದು ಗೆರೆ ಡೊಂಕಾಗುತ್ತೆ. ಕೋಬಾಲ್ಟನ್ನ (ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕೋ ದ್ರಾವಣ) ಮೊದಲು ರೆಸಿನ್‌ನಲ್ಲಿ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್. ಎರಡನ್ನೂ ನೇರ ಸೇರಿಸಿದರೆ ಸಿಡಿಯುತ್ತೆ, ತಮಾಷೆ ಅಲ್ಲ.

ಸೋಮವಾರಪೇಟೆ_ವರ್ಕ್‌ಶಾಪ್:
ಮಳೆಗಾಲದಲ್ಲಿ ಮಾಡ್ತಿದ್ರೆ ಇದೂ ನೋಡಿ. ನಾರು ಮುಟ್ಟೋಕೆ ಒಣಗಿದ ಹಾಗಿದ್ರೂ ಶೇ. 10ರ ಆಸುಪಾಸು ನೀರು ಹಿಡಿದಿರುತ್ತೆ. ಕೊಡಗಿನ ಜುಲೈನಲ್ಲಿ ಇನ್ನೂ ಹೆಚ್ಚು. ಓವನ್‌ನಲ್ಲಿ 80 ಡಿಗ್ರಿ, ನಾಲ್ಕು ಗಂಟೆ, ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕಣದಲ್ಲಿ ಬಿಸಿಲಿಗೆ ಹಾಕಿ ಸಂಜೆವರೆಗೂ ಬಿಟ್ಟರೆ ಬಿಟ್ಟಷ್ಟೂ ವಾಪಸ್ ಕುಡಿಯುತ್ತೆ. ಕೊಯ್ದ ಅಂಚಿನಲ್ಲಿ ನಾರಿನ ಸುತ್ತ ಬೆಳ್ಳಗೆ ಬಳೆ ಕಂಡರೆ ಅದು ನೀರು, ಇಲ್ಲ ಗಾಳಿ. ಅಡ್ಡಕ್ಕೆ ಬಿಸ್ಕತ್ತಿನಂತೆ ಮುರಿಯೋಕೆ ಅದೂ ಕಾರಣ ಆಗಿರಬಹುದು.

ಗೋಣಿಕೊಪ್ಪ_ಬಾಳೆ:
ಹೌದು ಸರ್, ಬಿಳಿ ಬಳೆ ಇದೆ. ಅಡ್ಡ ಪದರಕ್ಕೆ ತೆಂಗಿನ ನಾರು ಹಾಕಬಹುದಾ? ಮನೇಲಿ ರಾಶಿ ಬಿದ್ದಿದೆ.

ನಾರು_ಮೇಷ್ಟ್ರು:
ಹಾಕಬಹುದು, ಆದರೆ ಬಿಗಿ ಸಿಗಲ್ಲ. ಜೋಡಣೆಯ ಆಟ ನಾರಿನೊಳಗೂ ಇದೆ. ಬಾಳೆ ನಾರಿನ ಸೆಲ್ಯುಲೋಸ್ ಎಳೆಗಳು ನಾರಿನ ಉದ್ದಕ್ಕೆ ಸುಮಾರು 11 ಡಿಗ್ರಿ ಓರೆ, ತೆಂಗಿನದು 40ರ ಹತ್ತಿರ, ಸ್ಪ್ರಿಂಗ್ ಸುತ್ತಿದ ಹಾಗೆ. ಹಾಗಾಗಿ ತೆಂಗಿನ ನಾರು ಹೆಚ್ಚು ಹಿಗ್ಗುತ್ತೆ, ಬಿಗಿ ಕಡಿಮೆ. ಟ್ರೇ ಬಿದ್ದರೂ ತಕ್ಷಣ ಸೀಳಬಾರದು ಅಂತಿದ್ದರೆ ಅಡ್ಡ ಪದರಕ್ಕೆ ಪರವಾಗಿಲ್ಲ, ಹೊರ ಪದರಕ್ಕೆ ಮಾತ್ರ ಬೇಡ.

ಪರೀಕ್ಷೆಗೆ ಪಟ್ಟಿ 25 ಮಿ.ಮೀ. ಅಗಲ ಇರಲಿ, ಆಸರೆಗಳ ನಡುವೆ 128 ಮಿ.ಮೀ. (ದಪ್ಪದ 32 ಪಟ್ಟು). ಇನ್ನೂ ಹತ್ತಿರ ಇಟ್ಟರೆ ಪದರ ಜಾರಿ ಬಿಡುತ್ತೆ, ನೀವು ನಾರು ಸೋತಿತು ಅಂದುಕೊಳ್ಳುತ್ತೀರಿ. ನಡುವಿಗೆ ಬಕೆಟ್ ನೇತುಹಾಕಿ ಲೋಟ ಲೋಟ ನೀರು ಹಾಕುತ್ತಾ ಹೋಗಿ, ಉದ್ದಕ್ಕೆ ಐದು, ಅಡ್ಡಕ್ಕೆ ಐದು ಪಟ್ಟಿ.